ಬಲಬದಿಯ ಗ್ಲಾಸು

ಕಲ್ಲುಗುಂಡಿ
9 ಮಾರ್ಚ್ 2025

ಹಮೀದಾಕನಿಗೆ ನಮಸ್ಕಾರ.

ನಾನು ಶಾಮಿಯಾನದ ಕುಕ್ಕಪ್ಪ ಅವರ ಹೆಂಡತಿ ಲೋಲಾಕ್ಷಿ. ನನ್ನ ಹೆಸರು ಹೇಳಿದರೆ ಗುರುತು ಸಿಗಲಿಕ್ಕಿಲ್ಲ, ಪಿಕಪ್ಪು ಹೇಳಿದರೆ ಸಿಕ್ಕೀತು. ಬೂದು ಬಣ್ಣದ್ದು, ಹಿಂದಿನ ಹಲಗೆಯಲ್ಲಿ ‘ಯಶಸ್ವಿ’ ಎಂದು ನಮ್ಮ ಮಗಳ ಹೆಸರು. ಹದಿನಾಲ್ಕು ವರ್ಷ ಅದರ ವಯರಿಂಗ್ ಕೆಲಸಕ್ಕೆ ಇವರು ಸುಳ್ಯದ ಗ್ಯಾರೇಜುಗಳನ್ನೆಲ್ಲ ದಾಟಿ ಪುತ್ತೂರಿಗೆ ನಿಮ್ಮಲ್ಲಿಗೇ ಬರುತ್ತಿದ್ದರು.

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿಮ್ಮ ಹೆಂಡತಿ ಪಾತು ಅಕ್ಕನೇ ಎತ್ತಿ, “ಅವರಿಗೆ ಕಿವಿ ಕೇಳುದಿಲ್ಲ ಮಾರಾಯ್ರೆ, ಫೋನಿಗೆ ಬರುದೇ ಇಲ್ಲ. ಎರಡು ಸಾಲು ಬರೆದು ಹಾಕಿ, ಓದ್ತಾರೆ” ಎಂದರು. ಹಾಗಾಗಿ ಬರೆಯುತ್ತಿದ್ದೇನೆ. ನಾನು ಕೊನೆಯ ಸಲ ಪತ್ರ ಬರೆದದ್ದು ಮದುವೆಗೆ ಮೊದಲು, ತಪ್ಪಿದ್ದರೆ ನಗಬೇಡಿ.

ಇವರು ಹೋದ ಸುದ್ದಿ ನಿಮಗೆ ಗೊತ್ತಿರುತ್ತದೆ. ಕಳೆದ ಜುಲೈ ಹದಿನೆಂಟಕ್ಕೆ ಆಲಂಕಾರಿನ ಉತ್ತರಕ್ರಿಯೆಯ ಮನೆಗೆ ಕುರ್ಚಿ ಇಳಿಸಿ ಸಂಜೆ ಒಳದಾರಿಯಲ್ಲಿ ಬರುತ್ತಿದ್ದರು. ಮುಳುಗು ಸೇತುವೆಯ ಮೇಲೆ ಆಗಲೇ ನೀರು ಹರಿಯುತ್ತಿತ್ತು. ಈಚೆ ದಡದಲ್ಲಿ ನಿಂತವರು ಬೇಡ ಬೇಡ ಎಂದು ಕೈ ಬೀಸಿದರಂತೆ, ಇವರು ಇಳಿಸಿಯೇ ಬಿಟ್ಟರು. ಗಾಡಿ ಎಡಕ್ಕೆ ಮಗುಚಿ ಹೊಳೆಗೆ ಬಿತ್ತು. ಮರುದಿನ ಬೆಳಿಗ್ಗೆ ಸಿಕ್ಕಿತು, ಇವರು ಒಳಗೇ ಇದ್ದರು.

ಪಿಕಪ್ಪು ಇಷ್ಟು ದಿನ ಠಾಣೆಯ ಹಿಂದೆ ಇತ್ತು. ಹೋದ ತಿಂಗಳು ಬಿಟ್ಟುಕೊಟ್ಟರು. ನನ್ನ ತಮ್ಮ ಭವಿತ್ ಎಳೆಸಿಕೊಂಡು ಬಂದು ಅಂಗಳದ ಬದಿಯಲ್ಲಿ ನಿಲ್ಲಿಸಿದ್ದಾನೆ. ಎಂಜಿನ್ ಏಳಬಹುದು ಎನ್ನುತ್ತಾನೆ. ಶಾಮಿಯಾನದ ಕೆಲಸವನ್ನು ನಾನೇ ಮತ್ತೆ ಶುರು ಮಾಡಬೇಕೆಂದಿದ್ದೇನೆ. ಎರಡು ಬದಿಯ ಪವರ್ ವಿಂಡೋ ನೋಡಿಕೊಡುತ್ತೀರಾ? ರಿಪೇರಿ ಆಗುತ್ತದೋ ಪೂರ್ತಿ ಬದಲಾಯಿಸಬೇಕೋ ನೀವೇ ಹೇಳಬೇಕು. ಡ್ರೈವರ್ ಕೂರುವ ಬಲಬದಿಯ ಗ್ಲಾಸು ಮೇಲೆಯೇ ನಿಂತುಬಿಟ್ಟಿದೆ. ಹೇಳಿದರೆ ಗಾಡಿಯನ್ನು ಪುತ್ತೂರಿಗೆ ಎಳೆಸಿ ಕಳಿಸುತ್ತೇನೆ.

ಲೋಲಾಕ್ಷಿ


ಪುತ್ತೂರು
24 ಮಾರ್ಚ್ 2025

ಲೋಲಾಕ್ಷಿಯವರಿಗೆ,

ಪತ್ರ ತಲುಪಿತು. ಕುಕ್ಕಪ್ಪಣ್ಣನ ವಿಷಯ ತುಂಬಾ ಬೇಸರ.

ನೀರಿನಲ್ಲಿ ಮುಳುಗಿದ ಗಾಡಿಯ ವಯರಿಂಗ್ ಮುಗಿಯುವ ಕೆಲಸವಲ್ಲ. ಇವತ್ತು ಒಂದು ಕಡೆ ಸರಿ ಮಾಡಿದರೆ ನಾಳೆ ಇನ್ನೊಂದು ಕಡೆ ಹಸಿರು ಕಿಲುಬು ಹಿಡಿಯುತ್ತದೆ. ನನ್ನ ಮಾತು ಕೇಳುವುದಾದರೆ ಅದನ್ನು ಗುಜರಿಗೆ ಕೊಟ್ಟುಬಿಡಿ. ಬಾಗಿಲನ್ನು ಯಾರಿಂದಲೂ ಬಿಚ್ಚಿಸಬೇಡಿ. ಗೊತ್ತಿಲ್ಲದವರು ಬಿಚ್ಚಿದರೆ ಗ್ಲಾಸು ಒಡೆದು ಕೈಗೆ ತಾಗುತ್ತದೆ.

ನಾನೂ ಈಗ ಕೆಲಸ ಕಡಿಮೆ ಮಾಡಿದ್ದೇನೆ. ಗಾಡಿ ಕಳಿಸುವುದು ಬೇಡ.

ಸಾಹುಲ್ ಹಮೀದ್


ಕಲ್ಲುಗುಂಡಿ
6 ಏಪ್ರಿಲ್ 2025

ಹಮೀದಾಕನಿಗೆ,

ನಿಮ್ಮ ಪತ್ರವನ್ನು ಓದಿ ಮುಗಿಸಲಿಕ್ಕೆ ಒಂದು ಗುಟುಕು ಚಹಾದಷ್ಟು ಹೊತ್ತೂ ಬೇಕಾಗಲಿಲ್ಲ. ಬೇಸರ ಮಾಡಬೇಡಿ, ನನ್ನ ನಾಲಿಗೆ ಹೀಗೆಯೇ. ಇವರು ಪುತ್ತೂರಿನಿಂದ ಬಂದ ದಿನ ಮನೆಯಲ್ಲಿ ನಿಮ್ಮದೇ ಸುದ್ದಿ. ಹಮೀದಾಕ ಹಾಗೆ ಹೇಳಿದ್ರು, ಹಮೀದಾಕ ಹೀಗೆ ನಗಾಡಿದ್ರು. ಒಂದು ಸಲ ನಾನು, “ಅಷ್ಟು ಚಂದ ಇದ್ರೆ ಗ್ಯಾರೇಜಿನಲ್ಲೇ ಉಳ್ಕೊಳ್ಳಿ” ಎಂದಿದ್ದೆ. ಅಂಥವರು ಸತ್ತಾಗ ನೀವು ಬರಲಿಲ್ಲ. ಹದಿಮೂರನೆಯ ದಿನದ ಊಟಕ್ಕೂ ಬರಲಿಲ್ಲ. ಕಿವಿ ಕೇಳದವರಿಗೆ ಬಸ್ಸು ಹತ್ತಲಿಕ್ಕೆ ಆಗುವುದಿಲ್ಲವೇ ಎಂದು ಆಗ ಸಿಟ್ಟು ಬಂದಿತ್ತು. ಈಗ ನಿಮ್ಮ ಕಾಗದ ನೋಡಿ ಅರ್ಥವಾಯಿತು. ಗಿರಾಕಿ ಹೋದ ಮೇಲೆ ಗಿರಾಕಿಯ ಹೆಂಡತಿ ಯಾರಿಗೆ ಬೇಕು?

ಇರಲಿ. ಕಳೆದ ಪತ್ರದಲ್ಲಿ ನಾನು ಶಾಮಿಯಾನದ ಕೆಲಸ ಅದು ಇದು ಎಂದು ಬರೆದೆ. ಅದು ಸುಳ್ಳಲ್ಲ, ಆದರೆ ಕೇಳಬೇಕಾದದ್ದು ಅದಲ್ಲ.

ಆ ದಿನ ಬೆಳಿಗ್ಗೆ ನಮಗೆ ಜಗಳವಾಗಿತ್ತು. ಯಶಸ್ವಿಯನ್ನು ನರ್ಸಿಂಗ್‌ಗೆ ಪುತ್ತೂರಿನ ಹಾಸ್ಟೆಲಿಗೆ ಸೇರಿಸುವುದಿಲ್ಲ ಎಂದು ಇವರ ಹಟ. ನಾನು ಅಂಗಳದಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ, “ನೀವೊಬ್ಬರು ಇಲ್ಲದಿದ್ರೆ ಈ ಮನೆಯಲ್ಲಿ ನೆಮ್ಮದಿ ಉಂಟು” ಎಂದುಬಿಟ್ಟೆ. ಅವರು ಕುರ್ಚಿ ಹೇರಿಕೊಂಡು ಹೋದರು. ಸಂಜೆ ಹೀಗಾಯಿತು.

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಫೈಲು ಮುಚ್ಚಿದ್ದಾರೆ. ಊರು ಮುಚ್ಚಿಲ್ಲ. ಇವರ ಅಣ್ಣ ಜಯಪ್ರಕಾಶ ಭಾವ ಬಾಯಿಬಿಟ್ಟೇ ಹೇಳುತ್ತಾರೆ. ಅಷ್ಟು ಜನ ಬೇಡ ಎಂದರೂ ನೀರಿಗೆ ಇಳಿಸಿದ್ದು ಯಾಕೆ? ಬಲಬದಿ ಮೇಲೆಯೇ ಇತ್ತು, ನೀರಿನ ಒತ್ತಡಕ್ಕೆ ಬಾಗಿಲು ತೆರೆಯದಿದ್ದರೂ ಬಟನ್ ಒತ್ತಿದ್ದರೆ ಗ್ಲಾಸು ಇಳಿಯುತ್ತಿತ್ತು, ಈಜಲಿಕ್ಕೆ ಬರುವ ಮನುಷ್ಯ ಹೊರಗೆ ಬರುತ್ತಿದ್ದ. ಗ್ಲಾಸು ಪೂರ್ತಿ ಮೇಲೆ ಇತ್ತು ಎಂದರೆ ಅವನಿಗೆ ಬರಲಿಕ್ಕೆ ಮನಸ್ಸಿರಲಿಲ್ಲ. ಇದು ಅವರ ಲೆಕ್ಕ. ಬೇರೆಯವರು ನನ್ನ ಎದುರು ಹೇಳುವುದಿಲ್ಲ, ನಾನು ಅಂಗಡಿಗೆ ಹೋದರೆ ಮಾತು ನಿಲ್ಲಿಸುತ್ತಾರೆ.

ಬರುವ ಆಟಿ ತಿಂಗಳಲ್ಲಿ, ಜುಲೈ ಕೊನೆಗೆ, ಇವರ ಕುಟುಂಬದ ಹಳೆಯ ತರವಾಡು ಮನೆಯಲ್ಲಿ ತೀರಿಹೋದವರಿಗೆ ಬಡಿಸುತ್ತೇವೆ. ಹಿರಿಯರಿಗೆಲ್ಲ ಒಳಗೆ ಸಾಲಾಗಿ ಬಾಳೆಲೆ ಹಾಕಿ ಊಟ ಇಡುವುದು. ಇವರಿಗೆ ಇಡುವುದು ಇದೇ ಮೊದಲು. ತಾನಾಗಿ ಜೀವ ಕಳೆದುಕೊಂಡವನ ಎಲೆ ಆ ಸಾಲಿನಲ್ಲಿ ಬೇಡ, ಹೊರಗೆ ದನದ ಹಟ್ಟಿಯ ಬದಿಯಲ್ಲಿ ಇಡುವ ಎಂದು ಭಾವ ಹೇಳಿದ್ದಾರೆ. ನಾನು ಒಪ್ಪಿಲ್ಲ. ಒಪ್ಪದೆ ಇರಲಿಕ್ಕೆ ನನ್ನ ಕೈಯಲ್ಲಿ ಏನೂ ಇಲ್ಲ.

ಜೂನ್‌ನಲ್ಲಿ ಇವರು ಬಲಬದಿಯ ಗ್ಲಾಸಿನ ಕೆಲಸಕ್ಕೆ ನಿಮ್ಮಲ್ಲಿಗೆ ಬಂದಿದ್ದರು. ಎಂತ ಮಾಡಿಸಿದಿರಿ ಎಂದು ಕೇಳಿದರೆ “ಆಯ್ತು ಆಯ್ತು” ಎಂದಷ್ಟೇ ಹೇಳಿದ್ದರು. ನನಗೆ ಒಂದೇ ಒಂದು ಸಾಲು ಬರೆಯಿರಿ. ಆ ಗ್ಲಾಸು ಕೆಳಗೆ ಬರುತ್ತಿತ್ತೋ ಇಲ್ಲವೋ? ಈ ಪ್ರಶ್ನೆಯನ್ನು ಕೇಳಲಿಕ್ಕೆ ನಿಮ್ಮನ್ನು ಬಿಟ್ಟರೆ ನನಗೆ ಬೇರೆ ಜನ ಇಲ್ಲ.

ಲೋಲಾಕ್ಷಿ


ಪುತ್ತೂರು
2 ಮೇ 2025

ಲೋಲಾಕ್ಷಿಯವರಿಗೆ,

ಉತ್ತರ ತಡವಾಯಿತು. ಮನೆಯಲ್ಲಿ ನೆಂಟರು ಇದ್ದರು.

ಪವರ್ ವಿಂಡೋ ಎಂದರೆ ಬಾಗಿಲಿನ ಒಳಗೆ ಒಂದು ಮೋಟರು, ಗ್ಲಾಸನ್ನು ಹಿಡಿದು ಎಳೆಯುವ ಒಂದು ಮೆಷಿನ್, ಕೈ ಇಡುವಲ್ಲಿ ಒಂದು ಸ್ವಿಚ್ಚು. ಹಳೆಯ ಗಾಡಿಯಲ್ಲಿ ಮೂರರಲ್ಲಿ ಯಾವುದೂ ಕೈ ಕೊಡಬಹುದು. ಮೋಟರಿನ ಕಾರ್ಬನ್ ಸವೆಯುತ್ತದೆ. ಸ್ವಿಚ್ಚಿನ ಒಳಗೆ ಧೂಳು ಕೂರುತ್ತದೆ. ಮಳೆಗಾಲದಲ್ಲಿ ಗ್ಲಾಸಿನ ಸುತ್ತಲಿನ ರಬ್ಬರ್ ಬಿಗಿಯಾಗುತ್ತದೆ. ನೀರಿಗೆ ಬಿದ್ದ ಮೇಲೆ ಏನಾಯಿತು ಎಂದು ಹೊರಗಿನವರಿಂದ ಹೇಳಲಿಕ್ಕೆ ಆಗುವುದಿಲ್ಲ.

ನೀವು ಕೇಳಿದ ಮಾತಿಗೆ ಹೇಳುವುದಾದರೆ, ನಮ್ಮಲ್ಲಿಂದ ಹೋಗುವಾಗ ಗಾಡಿ ಸರಿ ಇತ್ತು. ಗ್ಲಾಸು ಮೇಲೆ ಕೆಳಗೆ ಹೋಗುತ್ತಿತ್ತು.

ಜನ ಏನಾದರೂ ಹೇಳುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಾಡಿಯನ್ನು ಬೇಗ ಗುಜರಿಗೆ ಕೊಡಿ.

ಸಾಹುಲ್ ಹಮೀದ್


ಕಲ್ಲುಗುಂಡಿ
11 ಮೇ 2025

ಹಮೀದಾಕನಿಗೆ,

ಉತ್ತರ ಬರೆದದ್ದಕ್ಕೆ ಉಪಕಾರವಾಯಿತು. ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಬಹುದಿತ್ತು, ನೀವು ಮಾಡಲಿಲ್ಲ. ಹೋದ ಪತ್ರದಲ್ಲಿ ಗಿರಾಕಿ ಅದು ಇದು ಎಂದು ಬರೆದದ್ದಕ್ಕೆ ಕ್ಷಮಿಸಿ.

ಭಾವನಿಗೆ ಹೇಳಿದೆ. ಎಲೆ ಹೊರಗೇ ಇಡುವ ಎಂದೆ.

ಯಶಸ್ವಿ ಹತ್ತು ತಿಂಗಳಿನಿಂದ ನನ್ನನ್ನು ಒಂದೇ ಮಾತು ಕೇಳುತ್ತಿದ್ದಳು, “ಅಪ್ಪ ನಮ್ಮನ್ನು ಬಿಟ್ಟು ಹೋದದ್ದಾ?” ನಾನು ಇಷ್ಟು ದಿನ ಮಾತು ತೇಲಿಸುತ್ತಿದ್ದೆ. ಈ ಸಲ ನಿಮ್ಮ ಪತ್ರವನ್ನೇ ಅವಳ ಕೈಗೆ ಕೊಟ್ಟೆ. ಹದಿನೆಂಟು ವರ್ಷದ ಹುಡುಗಿಗೆ ಇನ್ನೂ ಎಷ್ಟು ದಿನ ಮುಚ್ಚಿಡುವುದು? ಓದಿ ಮಡಚಿ ವಾಪಸು ಕೊಟ್ಟಳು. ಅಳಲಿಲ್ಲ. ಮರುದಿನ ಬೆಳಿಗ್ಗೆ ಪಿಕಪ್ಪಿನ ಹಿಂದಿನ ಹಲಗೆಯಲ್ಲಿದ್ದ ತನ್ನ ಹೆಸರನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ತೆಗೆದಳು. ನಾನು ಅಡುಗೆಮನೆಯಲ್ಲಿ ಆ ಶಬ್ದ ಕೇಳುತ್ತಾ ಇದ್ದೆ, ಬೇಡ ಎಂದು ಹೇಳಲಿಲ್ಲ.

ನನ್ನ ಒಂದು ಮಾತಿಗೆ ಅವರು ಹೋದರು. ಇನ್ನು ನಾನು ಯಾರನ್ನೂ ಏನೂ ಕೇಳುವುದಿಲ್ಲ. ಗುಜರಿಯವನು ಸುಳ್ಯದಿಂದ ಜುಲೈ ಕೊನೆಗೆ ಬರುತ್ತೇನೆ ಎಂದಿದ್ದಾನೆ.

ಲೋಲಾಕ್ಷಿ


ಪುತ್ತೂರು
4 ಜುಲೈ 2025

ತಂಗಿ ಲೋಲಾಕ್ಷಿ,

ಗುಜರಿಯವನು ಬಂದರೆ ಗಾಡಿ ಕೊಡಬೇಡ. ಈ ಪತ್ರವನ್ನು ಪೂರ್ತಿ ಓದುವ ಮೊದಲು ಅಷ್ಟು ಮಾಡು.

ನಾನು ನಿನಗೆ ಬರೆದದ್ದು ಸುಳ್ಳು. ಗ್ಲಾಸು ಕೆಳಗೆ ಬರುತ್ತಿರಲಿಲ್ಲ. ಬರದ ಹಾಗೆ ಮಾಡಿದ್ದು ನಾನೇ.

ಹೋದ ವರ್ಷ ಜೂನ್ ಹದಿನಾಲ್ಕು, ಶುಕ್ರವಾರ. ನಾನು ಜುಮ್ಮಾ ಮುಗಿಸಿ ಬರುವಾಗ ಕುಕ್ಕಪ್ಪಣ್ಣ ಗ್ಯಾರೇಜಿನ ಎದುರು ಇದ್ದ. ಬಲಬದಿಯ ಗ್ಲಾಸು ಬಾಗಿಲಿನ ಒಳಗೆ ಬಿದ್ದುಹೋಗಿತ್ತು, ಸೀಟು ಒದ್ದೆ, ಅವನ ಅಂಗಿಯ ಒಂದು ತೋಳು ಒದ್ದೆ. ಬಿಚ್ಚಿ ನೋಡಿದರೆ ಮೆಷಿನಿನ ಉಕ್ಕಿನ ಹುರಿ ತುಂಡಾಗಿ ಕಗ್ಗಂಟಾಗಿತ್ತು. ರಿಪೇರಿ ಆಗುವುದಲ್ಲ, ಮೆಷಿನ್ನೇ ಬದಲಾಯಿಸಬೇಕು. ಅಷ್ಟು ಹಳೆಯ ಗಾಡಿಯದ್ದು ಪುತ್ತೂರಿನಲ್ಲಿ ಸಿಗುವುದಿಲ್ಲ, ಮಂಗಳೂರಿಗೆ ಹೇಳಿದೆ. ಹದಿನೈದು ದಿನ ಎಂದರು.

ಹದಿನೈದು ದಿನ ಮಳೆಯಲ್ಲಿ ಗ್ಲಾಸಿಲ್ಲದೆ ಓಡಿಸಲಿಕ್ಕೆ ಆಗುತ್ತದಾ? ಇಂಥದ್ದಕ್ಕೆ ನಮ್ಮ ಕೆಲಸದವರೆಲ್ಲ ಮಾಡುವ ಒಂದು ಉಪಾಯ ಉಂಟು. ಗ್ಲಾಸನ್ನು ಕೈಯಲ್ಲಿ ಮೇಲೆತ್ತಿ, ಬಾಗಿಲಿನ ಒಳಗೆ ಅದರ ಅಡಿಗೆ ಒಂದು ಮರದ ತುಂಡು ಕೊಟ್ಟು ನಿಲ್ಲಿಸುವುದು. ಹೆಂಚಿನ ಮಾಡಿಗೆ ಹೊಡೆಯುವ ಮರದ ರೀಪಿನ ತುಂಡು ಒಂದು ಬಿದ್ದಿತ್ತು, ಅದನ್ನು ಅಳತೆಗೆ ಕೊಯ್ದು, ಸೈಕಲ್ ಟ್ಯೂಬ್ ಸುತ್ತಿ ಬಿಗಿಯಾಗಿ ಹೊಡೆದೆ. ಅಭ್ಯಾಸಬಲದಲ್ಲಿ ಬಟನ್ ಒತ್ತಿದರೆ ಮೋಟರು ಸುಟ್ಟೀತು ಎಂದು ಅದರ ವಯರನ್ನೂ ಕಳಚಿದೆ. ನಲವತ್ತು ವರ್ಷದಲ್ಲಿ ಎಷ್ಟು ಗಾಡಿಗೆ ಹೀಗೆ ಮಾಡಿದ್ದೇನೋ ನೆನಪಿಲ್ಲ. ಗ್ಲಾಸು ಎಂದರೆ ಮಳೆ ಒಳಗೆ ಬಾರದ ಹಾಗೆ ಇರುವುದು ಎಂದಷ್ಟೇ ನಾನು ತಿಳಿದಿದ್ದೆ. ಒಳಗಿದ್ದವನು ಹೊರಗೆ ಬರಬೇಕಾದೀತು ಎಂದು ಒಂದು ದಿನವೂ ತಲೆಗೆ ಬರಲಿಲ್ಲ.

ಅವನಿಗೆ ಎಲ್ಲ ತೋರಿಸಿದೆ. ನಗಾಡಿದ. “ಹದಿನೈದು ದಿನ ಅಲ್ವಾ ಹಮೀದಾಕ. ಲೋಲಾಕ್ಷಿಯ ಕಿವಿಗೆ ಹಾಕ್ಬೇಡಿ, ಗಾಡಿ ಮಾರಿ ಅಂತ ಶುರು ಮಾಡ್ತಾಳೆ” ಎಂದ.

ಮೆಷಿನ್ ಜುಲೈ ಒಂದಕ್ಕೆ ಬಂತು. ಕಪಾಟಿನ ಮೇಲೆ ಇಟ್ಟೆ. ನನಗೆ ಫೋನು ಕೇಳುವುದಿಲ್ಲ, ಪಾತುವಿಗೆ ಹೇಳಿದ್ದರೆ ಅವಳು ಮಾಡುತ್ತಿದ್ದಳು. ಹೇಳುವ ಎಂದುಕೊಂಡೆ. ಆ ವಾರ ವೈಪರ್ ಕೆಲಸದ ಗಾಡಿ ಸಾಲಾಗಿ ಬಂದವು, ನಾಳೆ ಹೇಳುವ ಎಂದೆ. ಆಮೇಲೆ ಅವನೇ ಬರುತ್ತಾನೆ ಎಂದು ಬಿಟ್ಟೆ. ಹೊಸ ಮೆಷಿನ್ ನನ್ನ ಕಪಾಟಿನಲ್ಲಿ ಹದಿನೆಂಟು ದಿನ ಕೂತಿತ್ತು.

ಇಪ್ಪತ್ತರ ಪೇಪರಿನಲ್ಲಿ ಗಾಡಿಯ ಫೋಟೋ ಇತ್ತು. ಬೇರೆಯವರು ಏನು ನೋಡಿದರೋ, ನಾನು ಮೊದಲು ನೋಡಿದ್ದು ಬಲಬದಿಯ ಗ್ಲಾಸು. ಅದು ನಾನು ನಿಲ್ಲಿಸಿದಲ್ಲಿಯೇ ನಿಂತಿತ್ತು. ಅವತ್ತೇ ಬಸ್ಸು ಹತ್ತಿದೆ. ಕಲ್ಲುಗುಂಡಿಯಲ್ಲಿ ಇಳಿದೆ. ಜನ ನಿಮ್ಮ ಮನೆಯ ಕಡೆಗೆ ನಡೆದು ಹೋಗುವುದನ್ನು ನೋಡುತ್ತಾ ಅಲ್ಲಿಯೇ ನಿಂತೆ. ಮಡಿಕೇರಿಯಿಂದ ಬಂದ ಬಸ್ಸಿಗೆ ಕೈ ಹಿಡಿದು ವಾಪಸು ಬಂದೆ.

ನೀನು ಕೇಳಿದಾಗ ಸುಳ್ಳು ಬರೆದದ್ದು ಹೆದರಿಕೆಯಿಂದ. ಪೊಲೀಸರು ಬಂದಾರು ಎಂದು ಹೆದರಿಕೆ, ಜನ ಏನು ಮಾಡುತ್ತಾರೋ ಎಂದು ಹೆದರಿಕೆ, ಈ ವಯಸ್ಸಿನಲ್ಲಿ ಗ್ಯಾರೇಜು ಹೋದರೆ ಎಂದು ಹೆದರಿಕೆ. ನಾನು ಬರೆದದ್ದು ನಿನಗೆ ಏನಾಗಿ ತಲುಪುತ್ತದೆ ಎಂದು ಯೋಚಿಸಲಿಲ್ಲ. ನೀನು ಅದಕ್ಕೆ ಉಪಕಾರ ಹೇಳಿ ಬರೆದೆ. ಆ ಪತ್ರವನ್ನು ಮೇಜಿನ ಡ್ರಾಯರಿನ ಅಡಿಗೆ ಹಾಕಿದ್ದೆ. ಹೋದ ವಾರ ಪಾತುವಿನ ಕೈಗೆ ಸಿಕ್ಕಿತು. ಓದಿ ಬಂದು ನನ್ನ ಸ್ವಲ್ಪ ಕೇಳುವ ಕಿವಿಯ ಹತ್ತಿರ ಕೂತು, “ಇವಳು ಎಂತ ಕೇಳಿದ್ದು, ನೀವು ಎಂತ ಬರೆದದ್ದು?” ಎಂದು ಕೇಳಿದಳು. ಹೇಳಿದೆ. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೆಯ ದಿನ, “ನೀವು ಬರೀತೀರಾ, ಅಲ್ಲ ನಾನೇ ಕಲ್ಲುಗುಂಡಿಗೆ ಹೋಗಿ ಆ ಹುಡುಗಿಗೆ ಹೇಳ್ಬೇಕಾ?” ಎಂದಳು.

ನನ್ನ ಬಾಯಿಮಾತನ್ನು ಇನ್ನು ನಂಬಬೇಡ. ಬಾಗಿಲಿನ ಒಳಬದಿಯ ಪ್ಯಾಡಿಗೆ ಆರು ಸ್ಕ್ರೂ ಉಂಟು, ಎರಡು ಹಿಡಿಕೆಯ ಅಡಿಯಲ್ಲಿ, ನಾಲ್ಕು ಅಂಚಿನಲ್ಲಿ. ಬಿಚ್ಚಿಸಿ ನೋಡು. ತುಂಡು ಒಳಗೇ ಉಂಟು.

ನಿನ್ನ ಗಂಡ ನಿನ್ನ ಮಾತಿಗೆ ಸತ್ತದ್ದಲ್ಲ.

ಸಾಹುಲ್ ಹಮೀದ್


ಕಲ್ಲುಗುಂಡಿ
13 ಜುಲೈ 2025

ಸಾಹುಲ್ ಹಮೀದ್ ಅವರಿಗೆ,

ಇವತ್ತು ಭಾನುವಾರ, ಬಾಗಿಲು ಬಿಚ್ಚಿಸಿದೆವು. ಭವಿತ್ ಸ್ಕ್ರೂ ತಿರುಗಿಸಿದ, ನಾನು ಟಾರ್ಚು ಹಿಡಿದೆ. ಯಶಸ್ವಿ ಹತ್ತಿರ ಬರಲಿಲ್ಲ, ಜಗಲಿಯಲ್ಲಿ ಕೂತು ನೋಡುತ್ತಿದ್ದಳು.

ನೀವು ಆರು ಸ್ಕ್ರೂ ಎಂದು ಬರೆದಿದ್ದಿರಿ. ನಾಲ್ಕೇ ಇದ್ದವು. ಪ್ಯಾಡಿನ ಮೇಲಿನ ಮೂಲೆ ಕಿತ್ತು ಸೀಟಿನ ಕಡೆಗೆ ಬಾಗಿತ್ತು, ಆ ಮೂಲೆಯ ಎರಡು ಸ್ಕ್ರೂ ಪ್ಲಾಸ್ಟಿಕ್ ಹರಿದುಕೊಂಡು ಬಂದಿದ್ದವು. ಇಷ್ಟು ದಿನ ಅದು ನಮ್ಮ ಕಣ್ಣೆದುರಿಗೇ ಇತ್ತು, ಹೊಳೆಯಲ್ಲಿ ಜಜ್ಜಿದ್ದು ಎಂದು ತಿಳಿದಿದ್ದೆವು. ಭವಿತ್ ಅಲ್ಲಿ ಬೆರಳಿಟ್ಟು ನೋಡಿ, “ಅಕ್ಕ, ಇದು ನೀರು ಮಾಡಿದ್ದಲ್ಲ. ಒಳಗೆ ಕೂತವರು ಎಳೆದದ್ದು” ಎಂದ. ಒಳಗೆ ಕೆಸರು, ಕೆಸರಿನ ಮಧ್ಯೆ ನಿಮ್ಮ ರೀಪಿನ ತುಂಡು. ನೀರು ಕುಡಿದು ಉಬ್ಬಿ ಎಷ್ಟು ಬಿಗಿಯಾಗಿತ್ತೆಂದರೆ ಸುತ್ತಿಗೆಯಲ್ಲಿ ಹೊಡೆದು ತೆಗೆಯಬೇಕಾಯಿತು.

ತುಂಡು ಎಲ್ಲಿ ಉಂಟು ಎಂದು ಅವರಿಗೆ ಗೊತ್ತಿತ್ತು. ನೀವೇ ತೋರಿಸಿದ್ದಿರಲ್ಲ. ಅದನ್ನು ತೆಗೆಯಲಿಕ್ಕೆಂದು ಅವರು ಬರಿಗೈಯಲ್ಲಿ ಆ ಪ್ಯಾಡನ್ನು ಹರಿಯುತ್ತಿದ್ದರು. ಸ್ನಾನ ಮಾಡಿಸುವಾಗ ಅವರ ಬಲಗೈಯ ಮೂರು ಬೆರಳಿಗೆ ಉಗುರು ಇರಲಿಲ್ಲ. ಹೊಳೆಯ ಕಲ್ಲಿಗೆ ಉಜ್ಜಿದ್ದಾಗಿರಬೇಕು ಎಂದು ಹಿರಿಯರು ಹೇಳಿದರು, ನಾನೂ ಹೌದೆಂದಿದ್ದೆ.

ಯಶಸ್ವಿ ಯಾವಾಗ ಎದ್ದು ಬಂದಳೋ ಗೊತ್ತಾಗಲಿಲ್ಲ. ಆ ಮೂಲೆಯನ್ನು ಮುಟ್ಟಿ ನೋಡಿದಳು. ಆಮೇಲೆ ಡ್ರೈವರ್ ಸೀಟಿನ ಮೇಲೆ ಮುಖ ಇಟ್ಟು ಅತ್ತಳು. ಅಪ್ಪ ಸತ್ತು ಒಂದು ವರ್ಷದಲ್ಲಿ ಮೊದಲ ಸಲ ಅತ್ತದ್ದು. ನಾನು ಎಬ್ಬಿಸಲಿಕ್ಕೆ ಹೋಗಲಿಲ್ಲ.

ಈಗ ನನಗೆ ನೆನಪಾಗುತ್ತದೆ, ಆ ಒಂದು ತಿಂಗಳು ಅವರು ದಾರಿಯಲ್ಲಿ ಯಾರ ಹತ್ತಿರವಾದರೂ ಮಾತಾಡಬೇಕಾದರೆ ಬಾಗಿಲನ್ನೇ ತೆರೆಯುತ್ತಿದ್ದರು. ಎಷ್ಟು ಸಲ ನೋಡಿದ್ದೆ. ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ.

ನಿಮ್ಮ ಮೇಲೆ ನನಗೆ ಎಂಥ ಸಿಟ್ಟು ಉಂಟೆಂದು ಬರೆಯಲಿಕ್ಕೆ ಬರುವುದಿಲ್ಲ. ಮರದ ತುಂಡಿಗಿಂತ ಆ ಮೇ ತಿಂಗಳ ಪತ್ರಕ್ಕೆ ಹೆಚ್ಚು ಸಿಟ್ಟು. ಅದನ್ನು ನನ್ನ ಮಗಳ ಕೈಗೆ ನಾನೇ ಕೊಟ್ಟೆ. ಆದರೆ ನಿನ್ನೆಯವರೆಗೆ ನನ್ನ ಗಂಡ ನನ್ನನ್ನು ಬೇಡವೆಂದು ಬಿಟ್ಟುಹೋದವರು, ಇವತ್ತು ಮನೆಗೆ ಬರಲಿಕ್ಕೆ ಒದ್ದಾಡಿದವರು. ಇದನ್ನು ಕೊಟ್ಟದ್ದೂ ನೀವೇ. ಸಂತೋಷವಾಗುತ್ತದೆ ಎಂದುಕೊಂಡಿದ್ದೆ, ಆಗುವುದಿಲ್ಲ. ಕಣ್ಣು ಮುಚ್ಚಿದರೆ ಅವರ ಕೈಯೇ ಕಾಣುತ್ತದೆ.

ಇನ್ನೊಂದು ವಿಷಯ. ಆಟಿಯಲ್ಲಿ ಬಡಿಸುವುದು ಇದೇ ಇಪ್ಪತ್ತೇಳಕ್ಕೆ. ಎಲೆ ಒಳಗೆ ಇಡಬೇಕಾದರೆ ನಾನು ಕುಟುಂಬದವರ ಎದುರು ಈ ತುಂಡನ್ನು ತೋರಿಸಬೇಕು. ತೋರಿಸಿದರೆ ಇಟ್ಟದ್ದು ಯಾರು ಎಂದು ಮೊದಲು ಕೇಳುತ್ತಾರೆ. ಭವಿತ್ ಕೇಳಿದ, ನಾನು ಗೊತ್ತಿಲ್ಲ ಎಂದೆ. ಈಗಿನ ಕಾಲ ನಿಮಗೆ ಗೊತ್ತಿಲ್ಲದ್ದಲ್ಲ. ಪುತ್ತೂರಿನ ಹಮೀದ್ ಎಂಬ ಹೆಸರು ಒಮ್ಮೆ ಆ ಅಂಗಳದಲ್ಲಿ ಬಿದ್ದರೆ ಅದು ಗ್ಲಾಸಿನ ಮಾತಾಗಿ ಉಳಿಯುವುದಿಲ್ಲ. ನನ್ನ ಭಾವನ ಮಕ್ಕಳು ಎಂಥವರು ಎಂದು ನನಗೆ ಗೊತ್ತುಂಟು.

ಹೇಳಬೇಕೋ ಬೇಡವೋ ನನಗೆ ತಿಳಿಯುವುದಿಲ್ಲ.

ಲೋಲಾಕ್ಷಿ


ಪುತ್ತೂರು
17 ಜುಲೈ 2025

ಲೋಲಾಕ್ಷಿ,

ಹೇಳು. ನನ್ನ ಹೆಸರನ್ನೇ ಹೇಳು. ನೀನು ಕರೆದರೆ ಇಪ್ಪತ್ತೇಳಕ್ಕೆ ನಾನೇ ಬಂದು ಎಲ್ಲರ ಎದುರು ನಿಂತು ಹೇಳುತ್ತೇನೆ. ಬೈದರೆ ನನಗೆ ಹೇಗೂ ಕೇಳುವುದಿಲ್ಲ, ಹೊಡೆದರೆ ಹೊಡೆಯಲಿ.

ಅವನ ಎಲೆ ಹೊರಗೆ ಬೀಳಬಾರದು. ಪಾತು ಕೂಡ ಹಾಗೆಯೇ ಹೇಳುತ್ತಾಳೆ, ಹೇಳಿ ಅಡುಗೆಮನೆಗೆ ಹೋಗಿ ಅಳುತ್ತಾಳೆ. ನೀನು ಅದನ್ನೆಲ್ಲ ನೋಡಬೇಡ. ಒಂದು ಕಾರ್ಡು ಹಾಕಿದರೆ ಸಾಕು, ಬರುತ್ತೇನೆ.

ಸಾಹುಲ್ ಹಮೀದ್


ಕಲ್ಲುಗುಂಡಿ
3 ಆಗಸ್ಟ್ 2025

ಸಾಹುಲ್ ಹಮೀದ್ ಅವರಿಗೆ,

ನಾನು ಕಾರ್ಡು ಹಾಕಲಿಲ್ಲ. ನೀವು ಕಾದಿರಬಹುದು.

ಇಪ್ಪತ್ತೇಳಕ್ಕೆ ಸಂಜೆ ತರವಾಡು ಮನೆಯಲ್ಲಿ ಎಲ್ಲ ಸೇರಿದ್ದರು. ಅಡುಗೆಯಾಗಿತ್ತು, ಭಾವ ಎಲೆ ತೊಳೆಯುತ್ತಿದ್ದರು. ನಾನು ರೀಪಿನ ತುಂಡನ್ನೂ ಆ ಪ್ಯಾಡನ್ನೂ ಜಗಲಿಯಲ್ಲಿ ಅವರ ಎದುರು ಇಟ್ಟೆ. ಎಲ್ಲಿ ಸಿಕ್ಕಿತು ಎಂದು ಹೇಳಿದೆ. ಭವಿತ್ ಮೂಲೆ ಹರಿದದ್ದನ್ನು ತೋರಿಸಿದ. ಉಗುರಿನ ವಿಷಯ ನಾನು ಹೇಳಬೇಕಾಗಲಿಲ್ಲ, ಸ್ನಾನ ಮಾಡಿಸಿದ ಇಬ್ಬರು ಅಲ್ಲೇ ಇದ್ದರು. ಅವರು ಮುಖ ಮುಖ ನೋಡಿಕೊಂಡರು.

ಭಾವ ಪ್ಯಾಡನ್ನು ಎತ್ತಿ ಹರಿದ ಮೂಲೆಯ ಮೇಲೆ ಕೈ ಆಡಿಸಿದರು. ಆಮೇಲೆ ಕೇಳಿದರು, “ಈ ಮರ ಇಟ್ಟದ್ದು ಯಾರು?”

ಅವರ ಮಕ್ಕಳಿಬ್ಬರೂ ಕಂಬದ ಹತ್ತಿರ ನಿಂತಿದ್ದರು. ನಿಮ್ಮ ಹೆಸರು ನನ್ನ ಬಾಯಿಯಲ್ಲಿತ್ತು. ಹೇಳುವುದೆಂದೇ ಮನೆಯಿಂದ ಹೊರಟಿದ್ದೆ, ಇದನ್ನು ನಿಮಗೆ ತಿಳಿಸಬೇಕೆಂದೇ ಬರೆಯುತ್ತಿದ್ದೇನೆ. ನಾನು ಹೇಳಿದ್ದು ಬೇರೆ.

“ಅವರೇ ಇಟ್ಟದ್ದು” ಎಂದೆ. “ಗ್ಲಾಸು ಬಿದ್ದುಹೋಗಿತ್ತು, ಮಳೆ ಒಳಗೆ ಬರ್ತದೆ ಅಂತ ಅವರೇ ಮರ ಹೊಡೆದದ್ದು. ನನಗೂ ಹೇಳಿರಲಿಲ್ಲ.”

ಭಾವ ಪ್ಯಾಡನ್ನು ಕೆಳಗಿಟ್ಟು, “ಎಂಥ ಪೆದ್ದ ಮಾರಾಯ ಇವ” ಎಂದರು, ಎಂದು ಅತ್ತರು. ಎಲೆಯನ್ನು ಅವರೇ ಒಯ್ದು ಒಳಗೆ ಅತ್ತೆಯ ಎಲೆಯ ಪಕ್ಕದಲ್ಲಿ ಹಾಕಿದರು. ಯಶಸ್ವಿ ಬಡಿಸಿದಳು.

ಒಂದು ವಾರದಲ್ಲಿ ಮಾತು ಊರೆಲ್ಲ ಸುತ್ತಿ ಬಂತು. ಈಗ ನಾನು ಅಂಗಡಿಗೆ ಹೋದರೆ ಮಾತು ನಿಲ್ಲಿಸುವುದಿಲ್ಲ. ಪಾಪ ಎನ್ನುತ್ತಾರೆ, ಸ್ವಂತ ಗಾಡಿಯ ಬಾಗಿಲಿಗೆ ತಾನೇ ಮರ ಹೊಡೆದುಕೊಂಡ ಎಂದು ನನ್ನ ಎದುರೇ ತಲೆ ಅಲ್ಲಾಡಿಸುತ್ತಾರೆ. ಹೋಟೆಲಿನಲ್ಲಿ ನಗಾಡಿದವರೂ ಇದ್ದಾರಂತೆ. ಹದಿನಾಲ್ಕು ವರ್ಷ ಒಂದು ಬಲ್ಬು ಹೋದರೂ ಪುತ್ತೂರಿಗೆ ಹೋಗಿ ಸರಿಯಾಗಿ ಮಾಡಿಸಿಕೊಂಡು ಬಂದ ಮನುಷ್ಯ ಅವರು. ಗಾಡಿಯ ವಿಷಯದಲ್ಲಿ ಅವರಿಗೆ ಪೆದ್ದ ಎಂದವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ.

ಯಶಸ್ವಿಗೆ ನಿಮ್ಮ ಪತ್ರ ತೋರಿಸಿದ್ದೇನೆ, ಅವಳಿಗೆ ನಿಜ ಗೊತ್ತುಂಟು. ಮನೆಗೆ ಬರುವಾಗ ದಾರಿಯಲ್ಲಿ ಕೇಳಿದಳು, “ಅಮ್ಮ, ಅಪ್ಪನ ಮೇಲೆ ಯಾಕೆ ಹಾಕಿದ್ದು?” ಬದುಕಿರುವವರ ಮೇಲೆ ಹಾಕಲಿಕ್ಕೆ ಹೆದರಿದೆ, ಸತ್ತವರು ತಿರುಗಿ ಕೇಳುವುದಿಲ್ಲವಲ್ಲ. ನೀವು ಮೇ ತಿಂಗಳಲ್ಲಿ ಮಾಡಿದ್ದೂ ಅದೇ. ಈಗ ನಾನೂ ಮಾಡಿದೆ.

ಇದನ್ನು ಕ್ಷಮೆ ಎಂದು ತಿಳಿಯಬೇಡಿ. ನಿಮ್ಮನ್ನು ಕ್ಷಮಿಸಲಿಕ್ಕೆ ನನ್ನಿಂದ ಆಗಲಿಲ್ಲ, ನಿಮ್ಮನ್ನು ಆ ಅಂಗಳಕ್ಕೆ ಕೊಡಲಿಕ್ಕೂ ಆಗಲಿಲ್ಲ. ಪಾತು ಅಕ್ಕನಿಗೆ ಅಳಬೇಡಿ ಎಂದು ಹೇಳಿ.

ಯಶಸ್ವಿ ನರ್ಸಿಂಗ್‌ಗೆ ಸೇರಿದ್ದಾಳೆ, ಪುತ್ತೂರಿನ ಹಾಸ್ಟೆಲಿನಲ್ಲೇ ಇರುತ್ತಾಳೆ. ಅವಳು ದಾರಿಯಲ್ಲಿ ಕಂಡರೆ ಮಾತಾಡಿಸಬೇಡಿ. ಈ ಪತ್ರಕ್ಕೆ ಉತ್ತರವನ್ನೂ ಬರೆಯಬೇಡಿ.

ಊರಿಗೆಲ್ಲ ನನ್ನ ಗಂಡ ಈಗ ಪೆದ್ದ. ಅವರು ಪೆದ್ದ ಅಲ್ಲ ಎಂದು ಗೊತ್ತಿರುವ ನಾಲ್ಕು ಜನರಲ್ಲಿ ನೀವೊಬ್ಬರು. ಅಷ್ಟನ್ನಾದರೂ ಸಾಯುವವರೆಗೆ ನೆನಪಿಡಿ.

ಲೋಲಾಕ್ಷಿ